ನಾಣ್ಯದ ಮೇಲೆ ಯಾರ ಮುದ್ರೆ?

1918ರಲ್ಲಿ ಅಮೆರಿಕದ ಖಜಾನೆಯಲ್ಲಿ ಮೂಟೆಗಟ್ಟಲೆ ಬಿದ್ದಿದ್ದ ಬೆಳ್ಳಿಯ ಡಾಲರುಗಳನ್ನು ಕರಗಿಸಿ ಗಟ್ಟಿ ಮಾಡುವ ಕೆಲಸ ಆರಂಭವಾಯಿತು. ಆ ಬೆಳ್ಳಿ ಹೋಗಬೇಕಾಗಿದ್ದುದು ಭಾರತಕ್ಕೆ. ಮೊದಲನೆಯ ಮಹಾಯುದ್ಧದ ಕಾಲ. ಇಲ್ಲಿ ಬೆಳ್ಳಿಯ ರೂಪಾಯಿಗೆ ಬರ ಬಂದಿತ್ತು. ಕಾಗದದ ನೋಟು ಕೊಟ್ಟರೆ ಖಜಾನೆಯಲ್ಲಿ ಬೆಳ್ಳಿಯ ರೂಪಾಯಿ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದ್ದ ವ್ಯವಸ್ಥೆ ಅಲುಗಾಡತೊಡಗಿತ್ತು. ಬ್ರಿಟಿಷ್ ಸರ್ಕಾರ 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ನೋಟನ್ನು ಹೊರತಂದಿದ್ದೂ ಈ ಬರದಿಂದಲೇ. ಎರಡಾಣೆ, ನಾಲ್ಕಾಣೆ, ಎಂಟಾಣೆಗಳಿಗೆ ಬೆಳ್ಳಿಯ ಬದಲು ತಾಮ್ರ-ನಿಕ್ಕಲ್ ಬಂದಿದ್ದೂ ಅದೇ ಹೊತ್ತಿನಲ್ಲಿ. ಕೊನೆಗೆ ಬ್ರಿಟನ್ ಅಮೆರಿಕದ ಮೊರೆಹೋಯಿತು. ಸೆನೆಟರ್ ಪಿಟ್‌ಮನ್ ಅವರ ಹೆಸರಿನ ಕಾಯ್ದೆಯೊಂದರ ಅಡಿಯಲ್ಲಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳು ಕುಲುಮೆ ಸೇರಿದವು. ಅವುಗಳಲ್ಲಿ ಬಹುಪಾಲು ಭಾರತದ ಸಲುವಾಗಿ ಬ್ರಿಟನ್ನಿಗೆ ಮಾರಾಟವಾಯಿತು.

ಆದರೆ ಆ ಕಾಯ್ದೆಯಲ್ಲಿ ಒಂದು ಷರತ್ತಿತ್ತು. ಕರಗಿಸಿದಷ್ಟೇ ಡಾಲರುಗಳನ್ನು ಮುಂದೆ ಅಮೆರಿಕದ ಗಣಿಗಳ ಬೆಳ್ಳಿಯಿಂದಲೇ ಮತ್ತೆ ಟಂಕಿಸಬೇಕು. ಹೀಗೆ, ನಮ್ಮ ದೇಶದ ಚಿಲ್ಲರೆಯ ಸಂಕಟದಿಂದಾಗಿ ದೂರದ ಫಿಲಡೆಲ್ಫಿಯಾದ ಟಂಕಸಾಲೆಗೆ ಕೋಟಿಗಟ್ಟಲೆ ಹೊಸ ನಾಣ್ಯಗಳನ್ನು ಹೊಡೆಯುವ ಹೊಣೆ ಬಿತ್ತು. ಆ ಹೊಸ ನಾಣ್ಯದ ಮೇಲೆ ಏನಿರಬೇಕು? ಈ ಪ್ರಶ್ನೆಯನ್ನು ಮೊದಲು ಎತ್ತಿದವರು ಮಂತ್ರಿಗಳಲ್ಲ, ಕಲಾವಿದರೂ ಅಲ್ಲ. ನಾಣ್ಯ ಸಂಗ್ರಾಹಕರು.

ನಾಣ್ಯ ಸಂಗ್ರಾಹಕರೆಂದರೆ ಹಳೆಯ ಕಾಸುಗಳನ್ನು ಡಬ್ಬಿಯಲ್ಲಿಟ್ಟು ಎಣಿಸುವವರು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಅವರ ಕೂಟಗಳಲ್ಲಿ ಹಳೆಯದರಷ್ಟೇ ಬಿಸಿಯಾಗಿ ಚರ್ಚೆಯಾಗುವುದು ಮುಂದೆ ಬರಲಿರುವ ನಾಣ್ಯ. ಬರುವ ವರ್ಷ ಟಂಕಸಾಲೆ ಯಾವ ನಾಣ್ಯ ತರಲಿದೆ, ಅದರ ಚಿತ್ರವೇನು, ಲೋಹವೇನು, ಯಾವುದು ನಿಂತುಹೋಗುತ್ತದೆ? ಇದು ಬರೀ ಹವ್ಯಾಸದವರ ಹರಟೆಯೇ, ಅಥವಾ ನಾಡಿನ ಉಳಿದವರಿಗೂ ಇದರಲ್ಲಿ ಏನಾದರೂ ಇದೆಯೇ ಎಂಬುದನ್ನು ಅಮೆರಿಕದ ನೂರು ವರ್ಷಗಳ ಅನುಭವದಿಂದ ನೋಡಬಹುದು. ನಮ್ಮ ಜೇಬಿನಲ್ಲಿರುವ ಎರಡು ರೂಪಾಯಿಯ ಕಥೆಯೂ ಅದಕ್ಕೆ ತಳಕು ಹಾಕಿಕೊಂಡಿದೆ.

ಶಾಂತಿಯ ಡಾಲರು

1920ರಲ್ಲಿ ಅಮೆರಿಕದ ನಾಣ್ಯಶಾಸ್ತ್ರ ಸಂಘದ ಸಮ್ಮೇಳನ ಷಿಕಾಗೊದಲ್ಲಿ ಸೇರಿದಾಗ ಫರಾನ್ ಝೆರ್ಬ್ ಎಂಬ ಹಿರಿಯ ಸಂಗ್ರಾಹಕರ ಪ್ರಬಂಧವೊಂದು ಮಂಡನೆಯಾಯಿತು. ಯುದ್ಧ ಮುಗಿದು ಶಾಂತಿ ಬಂದಿದೆ, ಅದರ ನೆನಪಿಗೆ ಒಂದು ನಾಣ್ಯ ಬೇಕು; ಆ ನಾಣ್ಯ ಗಾಜಿನ ಪೆಟ್ಟಿಗೆಯಲ್ಲಿ ಇಡುವಂಥದಾಗಬಾರದು, ಅಂಗಡಿ ಬೀದಿಯಲ್ಲಿ ಓಡಾಡುವಂಥದಾಗಬೇಕು ಎಂಬುದು ಅದರ ಸಾರ. ಸಂಘ ಇದನ್ನು ಸರ್ಕಾರದ ಮುಂದಿಟ್ಟಿತು. ಸಂಸತ್ತಿನಲ್ಲಿ ಮಂಡನೆಯಾದ ನಿರ್ಣಯ ಪಾಸಾಗಲಿಲ್ಲ. ಆದರೆ ಅಲ್ಲಿ 1890ರಿಂದ ಒಂದು ಕಾನೂನಿದೆ: ಒಂದು ನಾಣ್ಯದ ವಿನ್ಯಾಸ 25 ವರ್ಷ ಬಾಳಿದ ಮೇಲೆ ಅದನ್ನು ಬದಲಿಸಲು ಸಂಸತ್ತಿನ ಅಪ್ಪಣೆ ಬೇಕಿಲ್ಲ. ಆಗಿದ್ದ ಬೆಳ್ಳಿ ಡಾಲರಿನ ವಿನ್ಯಾಸ 1878ರದು. ಹೀಗಾಗಿ ದಾರಿ ಸುಗಮವಾಯಿತು. ಶಿಲ್ಪಿಗಳ ನಡುವೆ ಸ್ಪರ್ಧೆ ನಡೆದು 34 ವರ್ಷದ ಆಂಟನಿ ಡಿ ಫ್ರಾನ್ಸಿಸ್ಕಿ ಗೆದ್ದರು. ಸ್ವಾತಂತ್ರ್ಯದೇವಿಯ ಮುಖಕ್ಕೆ ರೂಪದರ್ಶಿಯಾದವರು ಅವರ ಪತ್ನಿ ತೆರೇಸಾ.

ನಾಣ್ಯದ ಹಿಂಬದಿಯಲ್ಲಿ ಹದ್ದಿನ ಕಾಲಡಿ ಮುರಿದ ಖಡ್ಗವೊಂದನ್ನು ತೋರಿಸುವ ಯೋಜನೆಯಿತ್ತು. ಇನ್ನು ಯುದ್ಧ ಬೇಡ ಎಂಬುದು ಕಲಾವಿದನ ಆಶಯ. ಸುದ್ದಿ ಹೊರಬಿದ್ದೊಡನೆ ಪತ್ರಿಕೆಯಲ್ಲಿ ಪ್ರತಿಭಟನೆ ಶುರುವಾಯಿತು. ಮುರಿದ ಖಡ್ಗ ಶಾಂತಿಯ ಗುರುತಲ್ಲ, ಸೋತವನ ಗುರುತು ಎಂಬುದು ವಾದ. ಠಸೆ ಆಗಲೇ ಸಿದ್ಧವಾಗುತ್ತಿತ್ತು. ಟಂಕಸಾಲೆಯ ಮುಖ್ಯ ಕೆತ್ತನೆಗಾರ ಜಾರ್ಜ್ ಮಾರ್ಗನ್ ಕೈಯಿಂದಲೇ ಉಕ್ಕನ್ನು ಕೊರೆದು ಖಡ್ಗವನ್ನು ಅಳಿಸಬೇಕಾಯಿತು. 1921ರ ಡಿಸೆಂಬರ್ ಕೊನೆಯಲ್ಲಿ ಹತ್ತು ಲಕ್ಷ ಚಿಲ್ಲರೆ ನಾಣ್ಯಗಳು ಹೊರಬಂದವು. ಉಬ್ಬು ತೀರ ಹೆಚ್ಚಾಗಿದ್ದರಿಂದ ಅವು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಮರುವರ್ಷ ಉಬ್ಬನ್ನು ತಗ್ಗಿಸಿದರು.

ಒಂದೇ ನಾಣ್ಯದ ಹುಟ್ಟಿನಲ್ಲಿ ಇಷ್ಟು ಜನರ ಕೈ ಇದೆ. ಸಂಗ್ರಾಹಕ ಕನಸು ಕಂಡ, ಶಿಲ್ಪಿ ರೂಪ ಕೊಟ್ಟ, ಓದುಗರು ಆಕ್ಷೇಪಿಸಿದರು, ನಾಣ್ಯ ಎಣಿಸುವವರು ಕೊನೆಯ ತಿದ್ದುಪಡಿ ಮಾಡಿಸಿದರು. ನಾಣ್ಯ ಚಿತ್ರವೂ ಹೌದು, ಸಲಕರಣೆಯೂ ಹೌದು. ಈ ಎರಡರ ನಡುವಿನ ಜಗ್ಗಾಟವೇ ಎಲ್ಲ ಟಂಕಸಾಲೆಗಳ ಪಾಡು.

ಲಾಭಕೋರತನದ ದಿನಗಳು

ಸಂಗ್ರಾಹಕರ ಮಾತು ಕೇಳಿದಾಗೆಲ್ಲ ಒಳ್ಳೆಯದೇ ಆಯಿತು ಎನ್ನುವಂತಿಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಸ್ಮರಣಾರ್ಥ ಅರ್ಧ ಡಾಲರುಗಳ ಸುಗ್ಗಿಯೇ ಆಯಿತು. ಊರೂರಿನ ಉತ್ಸವ ಸಮಿತಿಗಳು ತಮ್ಮದೊಂದು ನಾಣ್ಯಕ್ಕೆ ಸಂಸತ್ತಿನಿಂದ ಅನುಮತಿ ತರುವುದು, ಕಡಿಮೆ ಸಂಖ್ಯೆಯಲ್ಲಿ ಹೊಡೆಸುವುದು, ಸಂಗ್ರಾಹಕರಿಗೆ ಹೆಚ್ಚು ಬೆಲೆಗೆ ಮಾರುವುದು. 1936ರಲ್ಲಿ ಸಿನ್ಸಿನಾಟಿ ನಗರದ ಹೆಸರಿನಲ್ಲಿ ಬಂದ ನಾಣ್ಯವಂತೂ ಈ ದಂಧೆಯ ತುದಿ. ಆ ನಗರ ಸಂಗೀತಕೇಂದ್ರವಾಗಿ 50 ವರ್ಷವಾಯಿತೆಂದು ಅದರ ಮೇಲೆ ಬರೆಸಲಾಗಿತ್ತು. 1886ರಲ್ಲಿ ಅಂಥದೇನು ನಡೆದಿತ್ತು ಎಂಬುದಕ್ಕೆ ಇತಿಹಾಸಕಾರರಿಗೆ ಆಧಾರವೇ ಸಿಗಲಿಲ್ಲ. ಹೊಡೆಸಿದ್ದು ಮೂರು ಟಂಕಸಾಲೆಗಳಲ್ಲಿ ತಲಾ ಸುಮಾರು ಐದು ಸಾವಿರ ಮಾತ್ರ. ನಾಣ್ಯ ವ್ಯಾಪಾರದವರಿಗೆ ಹಬ್ಬ, ಸಾಮಾನ್ಯ ಸಂಗ್ರಾಹಕನಿಗೆ ಪಂಗನಾಮ. ಬೇಸತ್ತ ಸರ್ಕಾರ 1954ರ ನಂತರ ಇಂಥ ನಾಣ್ಯಗಳನ್ನೇ ನಿಲ್ಲಿಸಿತು. ಮತ್ತೆ ಆರಂಭಿಸಿದ್ದು 1982ರಲ್ಲಿ.

ಆದರೆ ಹಳೆಯ ಚಾಳಿ ಮರುಕಳಿಸಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ನೆಪದಲ್ಲಿ ಎರಡು ವರ್ಷದಲ್ಲಿ 16 ಬಗೆಯ ನಾಣ್ಯಗಳು ಬಂದವು. ಪ್ರತಿಯೊಂದರ ಬೆಲೆಯ ಮೇಲೆ ಒಂದು ವಂತಿಗೆ ಬೇರೆ. ಈ ಸಲ ಸಂಗ್ರಾಹಕರೇ ಸಿಟ್ಟಿಗೆದ್ದು ಇಷ್ಟು ನಾಣ್ಯ ಬೇಡವೆಂದರು. ವರ್ಷಕ್ಕೆ ಎರಡಕ್ಕಿಂತ ಹೆಚ್ಚು ವಿಷಯಗಳ ಮೇಲೆ ಸ್ಮರಣಾರ್ಥ ನಾಣ್ಯ ಕೂಡದು ಎಂಬ ಮಿತಿಯನ್ನು ಸಂಸತ್ತು 1996ರಲ್ಲಿ ಹಾಕಿತು.

ಅದೇ ಹೊತ್ತಿನಲ್ಲಿ ಸಂಗ್ರಾಹಕರು ಮುಂದಿಟ್ಟ ಇನ್ನೊಂದು ಬೇಡಿಕೆ: ಮಾರುವ ನಾಣ್ಯ ಬೇಡ, ಚಿಲ್ಲರೆಯಲ್ಲೇ ಸಿಗುವ ನಾಣ್ಯ ಕೊಡಿ. ಕೆನಡಾ ದೇಶ 1992ರಲ್ಲಿ ತನ್ನ ಪ್ರಾಂತ್ಯಗಳಿಗೆ ಒಂದೊಂದು ಕಾಲು ಡಾಲರಿನ ನಾಣ್ಯ ಹೊರಡಿಸಿ ಯಶಸ್ವಿಯಾಗಿತ್ತು. ಅದೇ ಜಾಡಿನಲ್ಲಿ ಅಮೆರಿಕ 1999ರಿಂದ 2008ರವರೆಗೆ ವರ್ಷಕ್ಕೆ ಐದರಂತೆ 50 ರಾಜ್ಯಗಳಿಗೂ ಒಂದೊಂದು ಕಾಲು ಡಾಲರು ತಂದಿತು. ನಮ್ಮ ಹಿಂದಿನ ಪಾವಲಿಯಂಥ ಆ ನಾಣ್ಯವನ್ನು ಮಕ್ಕಳು ಅಂಗಡಿಯ ಚಿಲ್ಲರೆಯಿಂದ ಹೆಕ್ಕಿ ರಟ್ಟಿನ ನಕ್ಷೆಗಳಲ್ಲಿ ಜೋಡಿಸಿಟ್ಟರು. ಡಬ್ಬಿ ಸೇರಿದ ಪ್ರತಿ ನಾಣ್ಯದಿಂದಲೂ ಸರ್ಕಾರಕ್ಕೆ ಲಾಭವೇ. ತಯಾರಿಕೆಯ ವೆಚ್ಚ ಮುಖಬೆಲೆಗಿಂತ ಬಹಳ ಕಡಿಮೆ, ನಾಣ್ಯ ಹಿಂದಿರುಗಿ ಬರುವುದೂ ಇಲ್ಲ.

ಈ ಅನುಭವಗಳ ಬೆನ್ನಲ್ಲೇ 2003ರಲ್ಲಿ ಕಾನೂನಿನ ಮೂಲಕ ನಾಗರಿಕರ ನಾಣ್ಯ ಸಲಹಾ ಸಮಿತಿ ರಚನೆಯಾಯಿತು. ಅದರಲ್ಲಿ 11 ಸದಸ್ಯರು. ಒಬ್ಬರು ವಸ್ತುಸಂಗ್ರಹಾಲಯದ ನಾಣ್ಯತಜ್ಞರು, ಒಬ್ಬರು ಶಿಲ್ಪಿ, ಒಬ್ಬರು ಇತಿಹಾಸಜ್ಞರು, ಒಬ್ಬರು ನಾಣ್ಯಶಾಸ್ತ್ರದವರು, ಮೂವರು ಜನಸಾಮಾನ್ಯರ ಪರವಾಗಿ. ಉಳಿದ ನಾಲ್ವರು ಸಂಸತ್ತಿನ ನಾಯಕರು ಸೂಚಿಸಿದವರು. ಟಂಕಸಾಲೆ ತಯಾರಿಸಿದ ಕರಡು ಚಿತ್ರಗಳನ್ನು ಇವರು ಬಹಿರಂಗ ಸಭೆಯಲ್ಲಿ ಮುಂದಿಟ್ಟುಕೊಂಡು ಚರ್ಚಿಸುತ್ತಾರೆ. ಈ ಮುಖ ಸಣ್ಣ ಬಿಲ್ಲೆಯಲ್ಲಿ ಕಾಣುವುದೇ, ಅಕ್ಷರ ಹೆಚ್ಚಾಯಿತೇ, ಆ ಕಾಲದಲ್ಲಿ ಇಂಥ ಉಡುಪು ಇತ್ತೇ ಎಂದೆಲ್ಲ ಕೇಳುತ್ತಾರೆ, ಅಂಕ ಕೊಡುತ್ತಾರೆ. ಆದರೆ ಸಮಿತಿಯ ಹೆಸರಿನಲ್ಲೇ ಇರುವಂತೆ ಅದು ಕೊಡುವುದು ಸಲಹೆ ಮಾತ್ರ. ಅಂತಿಮ ನಿರ್ಧಾರ ಖಜಾನೆಯ ಕಾರ್ಯದರ್ಶಿಯದು.

ಈ ವ್ಯತ್ಯಾಸದ ಬಿಸಿ ಇತ್ತೀಚೆಗೆ ತಟ್ಟಿತು. 2026 ಅಮೆರಿಕದ ಸ್ವಾತಂತ್ರ್ಯ ಘೋಷಣೆಯ 250ನೆಯ ವರ್ಷ. ಅದಕ್ಕಾಗಿ ಐದು ಕಾಲು ಡಾಲರುಗಳ ಯೋಜನೆಯಿತ್ತು. ಗುಲಾಮಗಿರಿಯ ನಿರ್ಮೂಲನ, ಮಹಿಳೆಯರ ಮತದಾನದ ಹಕ್ಕು, ನಾಗರಿಕ ಹಕ್ಕುಗಳ ಹೋರಾಟ ಇವುಗಳ ವಿನ್ಯಾಸಗಳನ್ನು ಸಮಿತಿ ಪರಿಶೀಲಿಸಿ ಶಿಫಾರಸು ಮಾಡಿತ್ತು. 2025ರ ಡಿಸೆಂಬರಿನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಇವು ಮೂರೂ ಇರಲಿಲ್ಲ. ಮೇಫ್ಲವರ್ ಹಡಗಿನ ಒಡಂಬಡಿಕೆ, ಕ್ರಾಂತಿಯ ಯುದ್ಧ, ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ಗೆಟಿಸ್‌ಬರ್ಗ್ ಭಾಷಣ ಎಂಬ ಐದು ವಿಷಯಗಳಿದ್ದವು. ಒಂದು ದೇಶ ತನ್ನ ಚರಿತ್ರೆಯೆಂದು ಯಾವುದನ್ನು ಕರೆಯುತ್ತದೆ ಎಂಬ ದೊಡ್ಡ ಜಗಳ, ಒಂದಂಗುಲ ಅಗಲದ ಬಿಲ್ಲೆಯ ಮೇಲೆ ನಡೆದಿತ್ತು.

ಹನ್ನೊಂದು ಮೂಲೆಗಳ ಪಾಠ

ಚಿತ್ರದ ಜಗಳಕ್ಕಿಂತ ಜನರನ್ನು ನೇರವಾಗಿ ತಟ್ಟುವುದು ಆಕಾರದ ಜಗಳ. 1979ರಲ್ಲಿ ಅಮೆರಿಕ ಸಣ್ಣ ಗಾತ್ರದ ಒಂದು ಡಾಲರಿನ ನಾಣ್ಯವನ್ನು ತಂದಿತು. ಮೊದಲ ಯೋಜನೆಯ ಪ್ರಕಾರ ಅದಕ್ಕೆ ಹನ್ನೊಂದು ಮೂಲೆಗಳಿರಬೇಕಿತ್ತು. ಕಾಸು ಹಾಕಿದರೆ ಸಾಮಾನು ಕೊಡುವ ಯಂತ್ರಗಳ ತಯಾರಕರು ಒಪ್ಪಲಿಲ್ಲ. ನಾಣ್ಯ ದುಂಡಗಾಯಿತು. ಹನ್ನೊಂದು ಮೂಲೆಗಳು ಅಂಚಿನ ಒಳಗಿನ ಗೆರೆಯಾಗಿ ಮಾತ್ರ ಉಳಿದವು. ಸಂಗ್ರಾಹಕರು ಮೆಚ್ಚಿದ್ದ ಸ್ವಾತಂತ್ರ್ಯದೇವಿಯ ಚಿತ್ರವನ್ನು ಬಿಟ್ಟು, ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಆಂಟನಿ ಅವರ ಚಿತ್ರವನ್ನು ಸಂಸತ್ತು ಆರಿಸಿತು. ಗೌರವ ಸಲ್ಲಬೇಕಾದವರಿಗೇ ಸಂದಿತು, ಅದರಲ್ಲಿ ತಪ್ಪಿಲ್ಲ. ತಪ್ಪಿದ್ದುದು ಅಳತೆಯಲ್ಲಿ. ಹೊಸ ಡಾಲರಿನ ಅಗಲ 26.5 ಮಿ.ಮೀ., ಕಾಲು ಡಾಲರಿನದು 24.3 ಮಿ.ಮೀ. ಎರಡಕ್ಕೂ ಒಂದೇ ಬಣ್ಣ, ಒಂದೇ ಬಗೆಯ ಗೀರಂಚು. ಅವಸರದಲ್ಲಿ ಜನ ಕಾಲು ಡಾಲರೆಂದು ಒಂದು ಡಾಲರನ್ನೇ ಕೊಟ್ಟು ಮೋಸಹೋದರು. ಮೊದಲ ವರ್ಷವೇ 75 ಕೋಟಿ ನಾಣ್ಯ ಹೊಡೆದ ಟಂಕಸಾಲೆ 1981ಕ್ಕೆ ಕೈಚೆಲ್ಲಿತು.

ಈಗ ನಮ್ಮ ಎರಡು ರೂಪಾಯಿಯನ್ನು ನೋಡೋಣ. 1992ರಿಂದ ಚಲಾವಣೆಯಲ್ಲಿದ್ದ ತಾಮ್ರ-ನಿಕ್ಕಲ್ಲಿನ ಎರಡು ರೂಪಾಯಿಗೆ ಇದ್ದದ್ದು ಅದೇ ಹನ್ನೊಂದು ಮೂಲೆಗಳು. ಒಂದು ಬದಿಯಲ್ಲಿ ಭಾರತದ ಭೂಪಟ. ಕತ್ತಲೆಯಲ್ಲೂ ಬೆರಳಿಗೆ ಅದರ ಗುರುತು ಸಿಗುತ್ತಿತ್ತು. 2005ರ ನಂತರ ಅದರ ಜಾಗಕ್ಕೆ ದುಂಡನೆಯ ಉಕ್ಕಿನ ನಾಣ್ಯ ಬಂತು. ಲೋಹದ ಬೆಲೆ ಏರಿದ್ದಾಗ ಉಕ್ಕಿಗೆ ಬದಲಾಯಿಸಿದ್ದು ಸಹಜವೇ. ಆದರೆ ಒಂದು ರೂಪಾಯಿಯೂ ದುಂಡಗೆ, ಅದೂ ಉಕ್ಕಿನದೇ. ಎರಡಕ್ಕೂ ಅಗಲದಲ್ಲಿ ಇದ್ದ ವ್ಯತ್ಯಾಸ ಸುಮಾರು 2 ಮಿ.ಮೀ. ಅಂದರೆ, ಆಂಟನಿ ಡಾಲರಿಗೂ ಕಾಲು ಡಾಲರಿಗೂ ಇದ್ದಷ್ಟೇ!

ಆ ನಾಣ್ಯಗಳ ಮೇಲಿದ್ದ ನಾಲ್ಕು ತೋಳಿನ ಗುರುತು ಇನ್ನೊಂದು ವಿವಾದ ಎಬ್ಬಿಸಿತು. ಅದು ವಿವಿಧತೆಯಲ್ಲಿ ಏಕತೆಯ ಸಂಕೇತ, ನಾಲ್ಕು ತಲೆಗಳಿಗೆ ಒಂದೇ ದೇಹ ಎಂಬುದು ವಿವರಣೆ. ಅದು ಶಿಲುಬೆ ಎಂದು ಕೆಲವರು ಆಕ್ಷೇಪಿಸಿದರು. 2007ರಲ್ಲಿ ಹಸ್ತಮುದ್ರೆಗಳ ಸರಣಿ ಬಂತು: ಒಂದು ರೂಪಾಯಿಗೆ ಮೇಲೆತ್ತಿದ ಹೆಬ್ಬೆರಳು, ಎರಡು ರೂಪಾಯಿಗೆ ಎರಡು ಬೆರಳು. ಅಕ್ಷರ ಬಾರದವರಿಗೂ ಬೆಲೆ ತಿಳಿಯಲಿ ಎಂಬ ಒಳ್ಳೆಯ ಯೋಚನೆ ಅದರಲ್ಲಿತ್ತು. ಆದರೆ ಬೆರಳಿನ ಚಿತ್ರ ಕಣ್ಣಿಗೆ, ಬೆರಳ ತುದಿಗಲ್ಲ.

2011ರಲ್ಲಿ ರೂಪಾಯಿಯ ಹೊಸ ಚಿಹ್ನೆ ಹೊತ್ತ ನಾಣ್ಯಗಳು ಬಂದಾಗ ಸಮಸ್ಯೆ ಇನ್ನಷ್ಟು ತೊಡಕಾಯಿತು. ಹೊಸ ಎರಡು ರೂಪಾಯಿಯ ಅಗಲ 25 ಮಿ.ಮೀ., ತೂಕ 4.85 ಗ್ರಾಂ. ಅದುವರೆಗಿನ ಒಂದು ರೂಪಾಯಿಯ ಅಗಲ, ತೂಕವೂ ಇಷ್ಟೇ! ಹಳೆಯದು, ಹೊಸದು ಎರಡೂ ಒಟ್ಟಿಗೆ ಚಲಾವಣೆಯಲ್ಲಿರುವಾಗ ಕಣ್ಣು ಕಾಣದವರು ಏನು ಮಾಡಬೇಕು? ಕಣ್ಣಿದ್ದವರು ದೀಪದ ಕೆಳಗೆ ತಿರುಗಿಸಿ ನೋಡಿಯಾರು. ಊದುಬತ್ತಿ ಮಾರಿ ಬದುಕುವ ಅಂಧ ವ್ಯಾಪಾರಿಗೆ ಬೆರಳುಗಳೇ ಕಣ್ಣು. ಅವನ ಪಾಲಿಗೆ ಸರ್ಕಾರ ರಾತ್ರೋರಾತ್ರಿ ಒಂದು ರೂಪಾಯಿಯನ್ನೂ ಎರಡು ರೂಪಾಯಿಯನ್ನೂ ಒಂದೇ ಮಾಡಿಟ್ಟಂತೆ. ದಿನವಿಡೀ ಚಿಲ್ಲರೆ ಎಣಿಸುವ ಬಸ್ ಕಂಡಕ್ಟರನಿಗೂ ಇದೇ ತಾಪತ್ರಯ.

ಠಸೆ ಕೊರೆಯುವ ಮೊದಲು ಮಾದರಿಗಳನ್ನು ನಾಣ್ಯ ಬಲ್ಲ ಹತ್ತು ಮಂದಿಯ ಮುಂದೆ ಇಟ್ಟಿದ್ದರೆ ಅಡ್ಡಳತೆಯ ಪಟ್ಟಿ ಹಿಡಿದು ಈ ಮಾತನ್ನು ಹೇಳಿಬಿಡುತ್ತಿದ್ದರು. ಸಂಗ್ರಾಹಕನ ಗುಣವೇ ಅದು. ನಾವು ನಾಣ್ಯವನ್ನು ಖರ್ಚು ಮಾಡುತ್ತೇವೆ, ಆತ ನಾಣ್ಯವನ್ನು ನೋಡುತ್ತಾನೆ. ಅಂಚು, ತೂಕ, ಇಸವಿಯ ಕೆಳಗಿನ ಟಂಕಸಾಲೆಯ ಗುರುತು ಎಲ್ಲವೂ ಆತನಿಗೆ ಕಂಠಪಾಠ. ಮುಂಬಯಿಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ, ಕೋಲ್ಕತ್ತಕ್ಕೆ ಯಾವ ಗುರುತೂ ಇಲ್ಲ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನಮ್ಮಲ್ಲಿ ನಿರ್ಧರಿಸುವವರು ಯಾರು?

ನೋಟು ರಿಸರ್ವ್ ಬ್ಯಾಂಕಿನದು. ನಾಣ್ಯ ಕೇಂದ್ರ ಸರ್ಕಾರದ್ದು. ನಾಣ್ಯ ಹಂಚುವ ಕೆಲಸ ಮಾತ್ರ ರಿಸರ್ವ್ ಬ್ಯಾಂಕಿನ ಪಾಲಿಗಿದೆ. 1906ರ ಹಳೆಯ ಕಾನೂನಿನ ಜಾಗಕ್ಕೆ ಬಂದ 2011ರ ನಾಣ್ಯ ಕಾಯ್ದೆಯ ಪ್ರಕಾರ ಸಾವಿರ ರೂಪಾಯಿವರೆಗಿನ ಯಾವ ಮುಖಬೆಲೆಯ ನಾಣ್ಯವನ್ನಾದರೂ ಸರ್ಕಾರ ಹೊರಡಿಸಬಹುದು. ಆಕಾರ, ಲೋಹ, ಚಿತ್ರಗಳನ್ನು ಹಣಕಾಸು ಸಚಿವಾಲಯ ನಿರ್ಧರಿಸಿ ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ನಾಲ್ಕು ಟಂಕಸಾಲೆಗಳು 2006ರಲ್ಲಿ ರಚನೆಯಾದ ಸರ್ಕಾರಿ ನಿಗಮದ ಅಡಿಯಲ್ಲಿ ಅದನ್ನು ಹೊಡೆಯುತ್ತವೆ. ಸಾರ್ವಜನಿಕರ ಮುಂದೆ ಕರಡು ಚಿತ್ರವಿಟ್ಟು ಚರ್ಚಿಸುವ ಸಮಿತಿ ಈ ಕಾಯ್ದೆಯಲ್ಲಿಲ್ಲ. ಸಂಗ್ರಾಹಕನಿಗೆ ಮುಂದಿನ ನಾಣ್ಯದ ಸುದ್ದಿ ತಿಳಿಯುವುದು ಎಲ್ಲ ಮುಗಿದ ಮೇಲೆ.

ಹಾಗೆಂದು ನಮ್ಮ ನಾಣ್ಯಗಳ ಬಗ್ಗೆ ಹೆಮ್ಮೆಪಡುವಂಥದೇನೂ ಇಲ್ಲವೆಂದಲ್ಲ. 1964ರಲ್ಲಿ ನೆಹರೂ ಅವರ ನೆನಪಿನ ನಾಣ್ಯದಿಂದ ಆರಂಭವಾದ ಸ್ಮರಣಾರ್ಥ ನಾಣ್ಯಗಳ ಪರಂಪರೆ ಮಹಾತ್ಮ ಗಾಂಧಿ, ಅಂಬೇಡ್ಕರ್, ನಾರಾಯಣ ಗುರುಗಳಿಂದ ಹಿಡಿದು ನಮ್ಮ ಬಸವೇಶ್ವರರವರೆಗೂ ಬಂದಿದೆ. 2006ರ ಬಸವೇಶ್ವರರ ಐದು ರೂಪಾಯಿಯನ್ನು ಇಂದಿಗೂ ಖರ್ಚು ಮಾಡದೆ ಎತ್ತಿಟ್ಟುಕೊಂಡ ಮನೆಗಳು ಕನ್ನಡನಾಡಿನಲ್ಲಿ ಬೇಕಾದಷ್ಟಿವೆ. ನಾಣ್ಯದ ಮೇಲೆ ನಾಡಿನ ಮಾತನ್ನು ಬರೆಸುವುದು ನಮಗೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನ ತನ್ನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಲಕಾಡುಗೊಂಡ’ ಎಂದು ಕನ್ನಡ ಅಕ್ಷರಗಳಲ್ಲೇ ಮೂಡಿಸಿದ. ಆಗ ಪತ್ರಿಕೆಯಿಲ್ಲ, ಬಾನುಲಿಯಿಲ್ಲ. ಸಂತೆಯಿಂದ ಸಂತೆಗೆ ಸಾಗುತ್ತಿದ್ದ ನಾಣ್ಯವೇ ರಾಜನ ವಾರ್ತಾವಾಹಕ.

ಆದರೆ ವೈವಿಧ್ಯ ಅತಿಯಾದರೂ ಅಪಾಯ. ಹತ್ತು ರೂಪಾಯಿಯ ನಾಣ್ಯದ ಪಾಡನ್ನು ನೆನೆಯಿರಿ. ರೂಪಾಯಿ ಚಿಹ್ನೆ ಇದ್ದದ್ದು, ಇಲ್ಲದ್ದು, ಒಂದೊಂದು ಸಂದರ್ಭದ ನೆನಪಿಗೆ ಒಂದೊಂದು ಚಿತ್ರ. ಸಂಗ್ರಾಹಕನಿಗೆ ಸಂಭ್ರಮ, ಅಂಗಡಿಯವನಿಗೆ ಅನುಮಾನ. ಕೆಲವು ನಕಲಿ ಎಂಬ ಗಾಳಿಸುದ್ದಿ ಹಬ್ಬಿ, ನಮ್ಮ ರಾಜ್ಯವೂ ಸೇರಿದಂತೆ ಹಲವೆಡೆ ವ್ಯಾಪಾರಿಗಳು ಆ ನಾಣ್ಯವನ್ನೇ ಮುಟ್ಟದಾದರು. ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್, ಅದುವರೆಗೆ ಬಂದ 14 ವಿನ್ಯಾಸಗಳೂ ಅಸಲಿ, ಎಲ್ಲವೂ ಸಲ್ಲುತ್ತವೆ ಎಂದು ಪ್ರಕಟಿಸಬೇಕಾಯಿತು. ಸಂಗ್ರಾಹಕರ ಮಾತನ್ನಷ್ಟೇ ಕೇಳಿ ನಾಣ್ಯ ಮಾಡಿದರೂ ಕೆಡುತ್ತದೆ ಎಂಬುದಕ್ಕೆ ಇದು ಸಾಕ್ಷಿ. ನಾಣ್ಯದ ಮೊದಲ ಗುಣ ಅಂದವಲ್ಲ, ನಂಬಿಕೆ.

ಕೊನೆಯ ಪೆನ್ನಿ, ಮುಂದಿನ ರೂಪಾಯಿ

ಇನ್ನೊಂದು ದೊಡ್ಡ ಪ್ರಶ್ನೆ, ಸಣ್ಣ ನಾಣ್ಯಗಳು ಉಳಿಯಬೇಕೇ ಎಂಬುದು. ಅಮೆರಿಕದ ಒಂದು ಸೆಂಟ್ ನಾಣ್ಯ, ಜನರ ಬಾಯಲ್ಲಿ ಪೆನ್ನಿ, 1793ರಿಂದ ಬಂದದ್ದು. 1909ರಿಂದ ಅದರ ಮೇಲೆ ಲಿಂಕನ್ನರ ಮುಖವಿದೆ. 2024ರ ಲೆಕ್ಕದಂತೆ ಒಂದು ಪೆನ್ನಿ ತಯಾರಿಸಿ ಹಂಚಲು 3.69 ಸೆಂಟ್ ಖರ್ಚು. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಗಾಗಿ ಕೊನೆಯ ಪೆನ್ನಿಯನ್ನು ಹೊಡೆದರು. ಕೊನೆಯ ಕೆಲವು ನಾಣ್ಯಗಳಿಗೆ ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರವಾದ ಒಮೆಗಾದ ಗುರುತು ಹಾಕಿ ಸಂಗ್ರಾಹಕರಿಗಾಗಿ ಹರಾಜಿಗಿಟ್ಟರು. ನಮ್ಮಲ್ಲಿ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು 2011ರ ಜೂನ್ 30ಕ್ಕೆ ಸಲ್ಲದಾದಾಗ ಇಂಥ ಬೀಳ್ಕೊಡುಗೆ ಏನೂ ಇರಲಿಲ್ಲ. ಖಡ್ಗಮೃಗದ ಚಿತ್ರವಿದ್ದ ನಾಲ್ಕಾಣೆ ಸದ್ದಿಲ್ಲದೆ ಮರೆಯಾಯಿತು.

ಮುಂದಿನ ದಾರಿಗೆ ಒಳ್ಳೆಯ ಗುರುತೊಂದು ನಮ್ಮಲ್ಲೇ ಇದೆ. 2019ರ ಮಾರ್ಚ್ 7ರಂದು ಬಿಡುಗಡೆಯಾದ ಸರಣಿಯನ್ನು ರಾಷ್ಟ್ರೀಯ ವಿನ್ಯಾಸ ಸಂಸ್ಥೆ ರೂಪಿಸಿತು. ಅಂಧರಿಗೆ ಅನುಕೂಲವಾಗಲೆಂಬುದು ಅದರ ಘೋಷಿತ ಉದ್ದೇಶ. ಬಿಡುಗಡೆಯ ಸಮಾರಂಭಕ್ಕೂ ಅಂಧ ಮಕ್ಕಳನ್ನು ಕರೆದಿದ್ದರು. ಒಂದು ರೂಪಾಯಿಯಿಂದ ಮೇಲಕ್ಕೆ ಹೋದಂತೆ ತೂಕ ಏರುತ್ತದೆ, ಹತ್ತು ರೂಪಾಯಿಯವರೆಗೆ ಅಗಲವೂ ಏರುತ್ತದೆ: ಒಂದಕ್ಕೆ 20 ಮಿ.ಮೀ., ಎರಡಕ್ಕೆ 23, ಐದಕ್ಕೆ 25, ಹತ್ತಕ್ಕೆ 27. ಇಪ್ಪತ್ತು ರೂಪಾಯಿಗೂ 27 ಮಿ.ಮೀ. ಅಗಲವೇ, ಆದರೆ ಅದಕ್ಕೆ ಹನ್ನೆರಡು ಮೂಲೆಗಳು. ಹನ್ನೊಂದು ಮೂಲೆಯ ಎರಡು ರೂಪಾಯಿಯನ್ನು ಕೈಬಿಟ್ಟಾಗ ಮರೆತಿದ್ದ ಪಾಠವನ್ನು ಹದಿನಾಲ್ಕು ವರ್ಷಗಳ ಮೇಲೆ ಮತ್ತೆ ಕಲಿತಂತಾಯಿತು. ಆದರೆ ಹಳೆಯ ನಾಣ್ಯಗಳೂ ಜೊತೆಯಲ್ಲೇ ಓಡಾಡುತ್ತಿರುವುದರಿಂದ ಗೊಂದಲ ಪೂರ್ತಿ ತೀರಿಲ್ಲ. ನೋಟಿನಂತೆ ನಾಣ್ಯ ಬೇಗ ಹರಿದು ಮರೆಯಾಗುವುದಿಲ್ಲ. ಒಮ್ಮೆ ಹೊಡೆದ ತಪ್ಪು ದಶಕಗಟ್ಟಲೆ ಜನರ ಜೇಬಿನಲ್ಲಿ ಉಳಿಯುತ್ತದೆ.

ಆದ್ದರಿಂದಲೇ ಹೊಡೆಯುವ ಮೊದಲು ಕೇಳುವುದು ಒಳ್ಳೆಯದು. ಅಮೆರಿಕದ ಸಮಿತಿಯನ್ನೇ ಇಲ್ಲಿ ನೆಡಬೇಕೆಂದೇನೂ ಇಲ್ಲ. ಅದರ ಮಿತಿಯನ್ನು ಮೇಲೆ ನೋಡಿದೆವು. ಆದರೆ ಹೊಸ ಸರಣಿಯ ಮಾದರಿಗಳನ್ನು ಒಬ್ಬ ಸಂಗ್ರಾಹಕ, ಒಬ್ಬ ಶಿಲ್ಪಿ, ಒಬ್ಬ ಚರಿತ್ರಕಾರ, ಒಬ್ಬ ಕಂಡಕ್ಟರ್, ಕಣ್ಣು ಕಾಣದ ಒಬ್ಬ ವ್ಯಾಪಾರಿ ಇವರ ಮುಂದೆ ಮೇಜಿನ ಮೇಲೆ ಇಡಲು ಕಾನೂನಿನ ಅಡ್ಡಿಯೇನೂ ಇಲ್ಲ, ಹೆಚ್ಚಿನ ಖರ್ಚೂ ಇಲ್ಲ. ಮೊದಲ ನಾಲ್ವರು ಕಣ್ಣಿಂದ ನೋಡಿ ಹೇಳಲಿ. ಕೊನೆಯವರು ಬೆರಳಾಡಿಸಿ, ಇದು ಒಂದು, ಇದು ಎರಡು ಎಂದು ತಡವರಿಸದೆ ಹೇಳಿದ ಮೇಲೆ ಠಸೆ ಕೊರೆಯಲು ಶುರು ಮಾಡಲಿ.